ಕಂಡಕ್ಟರಮ್ಮನ ಕಾನೂನು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಕಂಡಕ್ಟರಮ್ಮ. ಟಿಕೆಟ್ ಹರಿದು ಹರಿದು ಅವಳ ಹೆಬ್ಬೆರಳಿನ ತುದಿ ಗಡುಸಾಗಿತ್ತು. ಕೂಗಿ ಕೂಗಿ ಗಂಟಲು ಎಂಥ ಹದಕ್ಕೆ ಬಂದಿತ್ತೆಂದರೆ, ಹಿತ್ತಲಿನಲ್ಲಿ ನಿಂತು ಗುಟ್ಟು ಹೇಳಿದರೂ ಬೀದಿಯ ಆ ತುದಿಯವರು "ಹೌದಾ?" ಎನ್ನುತ್ತಿದ್ದರು. ಅವಳ ಗಂಡ ಅದೇ ಬಸ್ಸಿನ ಡ್ರೈವರ್. ಮಾತು ಬಲು ಕಡಿಮೆ. "ನಮ್ಮ ಸಂಸಾರಕ್ಕೆ ಮಾತೇ ಬೇಕಿಲ್ಲ. ಒಂದು ಸೀಟಿ ಊದಿದ್ರೆ ನಿಲ್ತಾರೆ, ಎರಡು ಊದಿದ್ರೆ ಹೊರಡ್ತಾರೆ" ಎಂದು ಅವಳು ಎಲ್ಲರೆದುರು ಹೇಳಿ ನಗುತ್ತಿದ್ದಳು. ಅವನೂ ಕನ್ನಡಿಯಲ್ಲಿ ಅವಳನ್ನು ನೋಡಿ ನಗುತ್ತಿದ್ದ, ಸದ್ದಿಲ್ಲದೆ.

ಅವರಿಗೆ ಮಕ್ಕಳಿರಲಿಲ್ಲ. ಗಂಡನ ಅಣ್ಣ, ಅಂದರೆ ಅವಳ ಭಾವ, ಅದೇ ಮನೆಯ ಪಕ್ಕದ ಕೋಣೆಯಲ್ಲಿದ್ದರು. ಮದುವೆಯ ಗೋಜಿಗೆ ಹೋಗದವರು. ಅವರದು ಹೆಂಚಿನ ಕೆಲಸ. ನೆಲದ ಮೇಲೆ ನಡೆದರೆ ಹೊಸ್ತಿಲಿಗೂ ಎಡವುವ ಮನುಷ್ಯ, ಚಾವಣಿ ಹತ್ತಿದರೆ ಬೆಕ್ಕು. ಚಾವಣಿ ಪೂರ್ತಿ ಬದಲಾಯಿಸಬೇಕೆಂದು ಯಾರಾದರೂ ಕರೆಸಿದರೆ ಹತ್ತಿ ನೋಡಿ ಇಳಿದು ಬಂದು, "ಇದಕ್ಕೇನೂ ಆಗಿಲ್ಲ, ಮೂಲೆಯ ಹೆಂಚು ಬದಲಾಯಿಸಿದ್ರೆ ಸಾಕು" ಎನ್ನುತ್ತಿದ್ದರು. ತಮ್ಮ ಕಾಲಿನ ಮೇಲೆ ತಾವೇ ಕಲ್ಲು ಎತ್ತಿಹಾಕಿಕೊಳ್ಳುವ ಜಾತಿ.

"ಭಾವ, ನೀವು ಹೀಗೇ ಸತ್ಯ ಹೇಳ್ತಾ ಹೋದ್ರೆ ಹೊಟ್ಟೆಗೆ ಹೆಂಚನ್ನೇ ತಿನ್ಬೇಕಾಗುತ್ತೆ" ಎಂದು ಅವಳು ರೇಗಿಸಿದರೆ, "ಬೇಯಿಸಿದ್ದೇ ತಾನೇ ಅದೂ, ಅರಗುತ್ತೆ" ಎನ್ನುತ್ತಿದ್ದರು.

ಒಂದು ವರ್ಷ ದೊಡ್ಡ ಗಾಳಿ ಬಂತು. ಮರಗಳು ಉರುಳಿದವು, ಹೆಂಚುಗಳು ಹಾರಿದವು. ಆಗ ಭಾವ ಊರಲ್ಲಿರಲಿಲ್ಲ. ದೂರದ ಇನ್ನೊಂದು ಊರಿನಲ್ಲಿ ಹಳೆಯ ಗೋದಾಮುಗಳ ಚಾವಣಿ ಕೆಲಸ ಒಪ್ಪಿಕೊಂಡು ಹೋಗಿದ್ದರು. ಗಾಳಿ ನಿಂತ ಮಾರನೆಯ ದಿನವೇ ಬೀದಿಯಲ್ಲಿ ಒಬ್ಬ ಕಾಂಟ್ರಾಕ್ಟರ್ ಕಾಣಿಸಿಕೊಂಡ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಬಣ್ಣಬಣ್ಣದ ಚಿತ್ರಗಳ ಪುಸ್ತಕ. ಮನೆ ಮನೆಯ ಬಾಗಿಲು ತಟ್ಟಿ, "ಅಮ್ಮಾ, ರಸ್ತೆಯಿಂದಲೇ ಕಾಣಿಸ್ತು, ನಿಮ್ಮ ಚಾವಣಿ ಒಂದು ಕಡೆ ಕೂತಿದೆ. ನನ್ನ ತಾಯಿ ಮನೆಯಾಗಿದ್ರೆ ನಾನು ಒಂದು ದಿನಾನೂ ಹೀಗೆ ಬಿಡ್ತಿರ್ಲಿಲ್ಲ" ಎನ್ನುತ್ತಿದ್ದ. ಮಾತು ಬೆಣ್ಣೆಯಲ್ಲಿ ಕೂದಲೆಳೆದಷ್ಟು ನಯ. ಆಮೇಲೆ ಬೀದಿಯವರೆಲ್ಲ ಅವನಿಗೆ ಬೆಣ್ಣೆ ಎಂದೇ ಹೆಸರಿಟ್ಟರು. ಆದರೆ ಅದು ಆಮೇಲಿನ ಮಾತು.

ಕಂಡಕ್ಟರಮ್ಮ ಭಾವ ಬರುವವರೆಗೆ ಕಾಯೋಣ ಎಂದಳು. ಆದರೆ ಮಲಗುವ ಕೋಣೆಯಲ್ಲಿ ಮಳೆನೀರು ಹಾಸಿಗೆಯ ಮೇಲೇ ತೊಟ್ಟಿಕ್ಕುತ್ತಿತ್ತು. ಭಾವನ ಕೆಲಸ ಮುಗಿಯುವ ಲಕ್ಷಣ ಇರಲಿಲ್ಲ. ಕೊನೆಗೆ ಗಂಡನೇ, "ಮಾಡಿಸಿಬಿಡೋಣ. ಅಣ್ಣ ಬಂದು ನಮ್ಮ ಮನೇಲೂ ದುಡೀಬೇಕಾ, ಒಂದು ಸಲ ಅವನೂ ಬೇರೆಯವರು ಮಾಡಿದ ಚಾವಣಿ ಕೆಳಗೆ ಕೂತ್ಕೊಳ್ಳಲಿ" ಎಂದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣವೇ. ಅವಳು ಒಪ್ಪಿದಳು.

ಬೆಣ್ಣೆಯ ಕೆಲಸಗಾರರು ಬಂದು ಹೆಂಚು ತೆಗೆದು, ಹೊಸ ಹೆಂಚು ಹೊದಿಸಿ, ಒಳಗಿನಿಂದ ಬಿಳಿಯ ಸೀಲಿಂಗ್ ಹಲಗೆ ಹೊಡೆದು ಕೊಟ್ಟರು. ಕೋಣೆ ಆಸ್ಪತ್ರೆಯ ಹಾಗೆ ಬೆಳ್ಳಗಾಯಿತು. ಭಾವ ಊರಿಂದ ಬಂದವರು ಏಣಿ ಹಾಕಿ ಹತ್ತಿ, ಹೆಂಚಿನ ಸಾಲು ನೋಡಿ, ಅಂಚು ಮುಟ್ಟಿ ನೋಡಿ, "ಪರವಾಗಿಲ್ಲ, ಕೈ ಚೊಕ್ಕಟವಾಗಿದೆ" ಎಂದರು. ಕೆಳಗಿಳಿದು ಸೀಲಿಂಗ್ ಕಡೆ ನೋಡಿ, "ಇದು ಮಾತ್ರ ಶೋಕಿ" ಎಂದು ನಕ್ಕರು. ಅಷ್ಟೇ. ಆ ಬಿಳಿ ಹಲಗೆಯ ಹಿಂದೆ ನಡುವಿನ ತೊಲೆಯನ್ನು ಗೆದ್ದಲು ತಿಂದು ಬೂಸಾ ಮಾಡಿದ್ದು, ಅದನ್ನು ಕಂಡೂ ಮುಚ್ಚಿದ್ದು, ಅದರ ಮೇಲೆ ಮೊದಲಿಗಿಂತ ಭಾರದ ಹೆಂಚು ಹೇರಿದ್ದು, ಯಾವುದೂ ಅವರಿಗೆ ಕಾಣಲಿಲ್ಲ. ಮೇಲೆ ತಳುಕು, ಒಳಗೆ ಹುಳುಕು ಎನ್ನುತ್ತಾರಲ್ಲ, ಆ ಮಾತು ಆ ಮನೆಯ ನೆತ್ತಿಯ ಮೇಲೇ ಕೂತಿತ್ತು.

ಚಾವಣಿ ಬಿದ್ದದ್ದು ಗಾಳಿ ಮಳೆ ಯಾವುದೂ ಇಲ್ಲದ ಒಂದು ಮಧ್ಯಾಹ್ನ. ಗಂಡ ಬೆಳಗಿನ ಪಾಳಿ ಮುಗಿಸಿ ಬಂದು ಮಲಗಿದ್ದ. ಅವಳು ಇನ್ನೊಬ್ಬ ಡ್ರೈವರನ ಜೊತೆ ಎರಡನೆಯ ಪಾಳಿಯಲ್ಲಿದ್ದಳು. ಮಾರುಕಟ್ಟೆಯ ನಿಲ್ದಾಣದಲ್ಲಿ ಬಸ್ ನಿಂತಾಗ ಪಕ್ಕದ ಮನೆಯ ನರ್ಸ್ ಜನರನ್ನು ತಳ್ಳಿಕೊಂಡು ಓಡಿ ಬಂದಳು. ಕಂಡಕ್ಟರಮ್ಮ ಅಭ್ಯಾಸಬಲದಿಂದ, "ಒಳಗೆ ಜಾಗ ಇದೆ, ನಿಧಾನ ಹತ್ತಿ" ಎಂದಳು. ನರ್ಸ್ ಅವಳ ಹೆಗಲಿನಿಂದ ಟಿಕೆಟ್ ಚೀಲ ಬಿಚ್ಚಿ ಡ್ರೈವರನ ಕೈಗೆ ಕೊಟ್ಟು, ಅವಳನ್ನು ಕೆಳಗಿಳಿಸಿಕೊಂಡಳು.

ಸಂಜೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಅವನು ತೀರಿಹೋದ. ಭಾವ ತಮ್ಮನ ಕೂದಲಿನಲ್ಲಿದ್ದ ಪುಡಿಯನ್ನು ಬೆರಳಿನಿಂದ ತೆಗೆತೆಗೆದು ಅಂಗೈಯಲ್ಲಿ ಕೂಡಿಸುತ್ತಿದ್ದರು. ಹೆಂಚಿನ ಪುಡಿ ಅಲ್ಲ, ಮರದ ಪುಡಿ. "ಹತ್ತಿ ನೋಡಿದ್ನಲ್ಲಮ್ಮ. ನಾನೇ ಹತ್ತಿ ನೋಡಿ ಪರವಾಗಿಲ್ಲ ಅಂದ್ನಲ್ಲ" ಎಂದಷ್ಟೇ ಹೇಳಿದರು. ಅವಳು ಗೋಡೆಗೆ ಒರಗಿ ನಿಂತಿದ್ದಳು. ಬೀದಿಗೆಲ್ಲ ಕೇಳಿಸುವ ಆ ಗಂಟಲಿನಿಂದ ಆ ದಿನ ಉಸಿರೂ ಬರಲಿಲ್ಲ.

ದೂರು ಕೊಟ್ಟರು. ಬೆಣ್ಣೆ ವಕೀಲರನ್ನು ಕರೆದುಕೊಂಡು ಬಂದ. "ಹೆಂಚು ಹೊದಿಸಿ ಅಂದ್ರು, ಹೊದಿಸಿದೆ. ಸೀಲಿಂಗ್ ಹೊಡೀರಿ ಅಂದ್ರು, ಹೊಡೆದೆ. ತೊಲೆ ನೋಡು ಅಂತ ಯಾರೂ ಹೇಳ್ಲಿಲ್ಲ" ಎಂದ. ತನಿಖೆಯ ಅಧಿಕಾರಿ ಒಳ್ಳೆಯವನೇ. ಕಂಡಕ್ಟರಮ್ಮನನ್ನು ಕೂರಿಸಿ ಹೇಳಿದ: "ಅಮ್ಮಾ, ಅವನು ಮೋಸಗಾರ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಆದ್ರೆ ಯಾವ ನಿಯಮ ಮುರಿದ ಅಂತ ಬರೀಲಿ? ಕ್ಷೌರದ ಅಂಗಡಿ ಇಡೋಕೂ ಲೈಸೆನ್ಸ್ ಬೇಕು. ಚಾವಣಿ ಹಾಕೋಕೆ ಏಣಿ ಒಂದಿದ್ರೆ ಸಾಕು, ನಮ್ಮ ಕಾನೂನು ಹಾಗಿದೆ."

ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ನಾಟಿತು. ಅಳುವುದಕ್ಕೆ ಅವಳಿಗೆ ಆಮೇಲೆ ಪುರುಸೊತ್ತೇ ಸಿಗಲಿಲ್ಲ. ಬಸ್ಸಿನಲ್ಲಿ ಟಿಕೆಟ್ ಕೊಡುತ್ತಲೇ ಜನರನ್ನು ಕೇಳಿದಳು: ನಿಮ್ಮ ಮನೆಗೂ ಹೀಗೆ ಯಾರಾದ್ರೂ ಬಂದಿದ್ರಾ? ಕೇಳಿದ್ದೇ ತಡ, ಪ್ರತಿ ಸಾಲಿನಿಂದಲೂ ಒಂದೊಂದು ಕಥೆ ಎದ್ದಿತು. ಒಬ್ಬನ ಮನೆಗೆ ಬಂದವನು ಅರ್ಧ ಚಾವಣಿ ಬಿಚ್ಚಿ ಓಡಿಹೋಗಿದ್ದ, ಇನ್ನೊಬ್ಬಳ ಮನೆಗೆ ಬಂದವನು ಹಳೆಯ ಹೆಂಚಿಗೇ ಬಣ್ಣ ಬಳಿದು ಹೊಸದೆಂದು ಹೊದಿಸಿದ್ದ. ಬೆಣ್ಣೆಯಂಥವರು ಊರಿಗೆ ಹತ್ತು ಜನ ಇದ್ದರು. ಮೋಸಹೋದವರನ್ನೆಲ್ಲ ಸೇರಿಸಿಕೊಂಡು ಅವಳು ಕಚೇರಿಯಿಂದ ಕಚೇರಿಗೆ ಅಲೆದಳು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ಹಿಂದಿನಿಂದ ಆಡಿಕೊಂಡವರೂ ಇದ್ದರು. "ನನ್ನ ಊರು ಕೊಳ್ಳೆ ಹೋಯ್ತು, ನಿಮ್ಮದು ಇನ್ನೂ ಇದೆಯಲ್ಲ" ಎಂದು ಅವಳು ಮುಂದೆ ನಡೆದಳು.

ಕಾನೂನಿನ ಮೊದಲ ಮಾತನ್ನು ಕೊಟ್ಟವರು ಭಾವನೇ. ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ಕೂತು ಹೇಳಿದರು: "ಎಂಥ ಕಣ್ಣಾದ್ರೂ ಹಲಗೆ ಹಿಂದೆ ಇರೋದು ಕಾಣಲ್ಲಮ್ಮ. ಮುಚ್ಚೋ ಮೊದ್ಲು ಮನೆಯವರನ್ನ ಕರೆದು ತೋರಿಸ್ಬೇಕು, ಫೋಟೋ ತೆಗೀಬೇಕು. ಅಷ್ಟು ಬರೆಸು."

ಜನರ ಅಭಿಪ್ರಾಯ ಕೇಳಲು ಸರ್ಕಾರ ಸಭೆ ಕರೆಯಿತು. ಕಂಡಕ್ಟರಮ್ಮ ಮೈಕನ್ನು ಪಕ್ಕಕ್ಕೆ ಸರಿಸಿ ಮಾತಾಡಿದಳು. ಹೊರಗೆ ನಿಂತಿದ್ದ ಕಾರಿನ ಚಾಲಕರೂ ಒಳಗೆ ಬಂದು ಕೇಳಿದರು. ಕೆಲಸಗಾರರ ಪರವಾಗಿ ಬಂದಿದ್ದ ಒಬ್ಬ ಬಡಕಲು ಮನುಷ್ಯ ಎದ್ದು, "ನಿಯಮ ಇರಲಿ. ಆದ್ರೆ ಸಣ್ಣಪುಟ್ಟ ರಿಪೇರಿ ಮಾಡೋರಿಗೆ, ವಯಸ್ಸಾದೋರಿಗೆ ಸ್ವಲ್ಪ ಸಡಿಲ ಕೊಡಿ" ಎಂದು ಕೈಮುಗಿದ. ಕಂಡಕ್ಟರಮ್ಮ ಅವನ ಕಡೆ ತಿರುಗಿ ಹೇಳಿದಳು: "ಪರಿಚಯದವರು ಅಂತ ನಾನು ಯಾರನ್ನೂ ಟಿಕೆಟ್ ಇಲ್ದೆ ಬಿಟ್ಟವಳಲ್ಲ. ಒಬ್ಬರಿಗೆ ಸಂದಿ ಬಿಟ್ರೆ ಅದೇ ಸಂದೀಲಿ ಎಲ್ರೂ ನುಗ್ತಾರೆ. ಯಾರಿಗೂ ವಿನಾಯಿತಿ ಬೇಡ." ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಕೊನೆಯ ಸಾಲಿನಲ್ಲಿ ಕೂತಿದ್ದ ಭಾವನೂ ತಟ್ಟಿದರು.

ಕಾನೂನು ಬಂತು. ಜನ ಅದನ್ನು ಕಂಡಕ್ಟರಮ್ಮನ ಕಾನೂನು ಎಂದೇ ಕರೆದರು. ಆದರೆ ಮನೆಯಿಂದ ಹೊರಟಾಗ ಒಂದು ಮಾತಾಗಿದ್ದದ್ದು ಕಚೇರಿಗಳನ್ನು ದಾಟಿ ಬರುವಷ್ಟರಲ್ಲಿ ಹಗ್ಗದಷ್ಟು ಉದ್ದವಾಗಿತ್ತು. ಚಾವಣಿ ಮುಟ್ಟುವವನಿಗೆ ಲೈಸೆನ್ಸ್ ಬೇಕು. ಲೈಸೆನ್ಸಿಗೆ ಪರೀಕ್ಷೆ ಬರೆಯಬೇಕು. ಠೇವಣಿ ಇಡಬೇಕು. ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಹಗ್ಗ ಕಟ್ಟದೆ ಹತ್ತುವಂತಿಲ್ಲ. ಎಲ್ಲಕ್ಕಿಂತ ಮೇಲೆ ವಿಮೆ ಇರಬೇಕು. ಲೈಸೆನ್ಸ್ ಇಲ್ಲದವನಿಂದ ಕೆಲಸ ಮಾಡಿಸಿದರೆ ಮನೆಯವರಿಗೂ ದಂಡ.

ಭಾವ ಪರೀಕ್ಷೆಗೆ ಕೂತರು. ಕಂಡಕ್ಟರಮ್ಮನೇ ಪಾಠ ಹೇಳಿಕೊಟ್ಟಳು. ಹಗ್ಗದ ವಿಷಯ ಬಂದಾಗ ಅವರು ಮುಖ ಸಿಂಡರಿಸಿ, "ಮೇಯೋ ದನಾನಾ ನಾನು, ಗೂಟಕ್ಕೆ ಕಟ್ಟೋಕೆ" ಎಂದರು. "ಬಾಯಿಮುಚ್ಕೊಂಡು ಓದಿ ಭಾವ" ಎಂದಳು ಅವಳು. ತೀರಿಹೋದವನ ನೆನಪಿಲ್ಲದೆ ಅವರಿಬ್ಬರೂ ನಕ್ಕಿದ್ದು ಆ ದಿನಗಳಲ್ಲೇ. ಭಾವ ಪಾಸೂ ಆದರು. ಆದರೆ ವಿಮೆಯವರು ಅವರ ವಯಸ್ಸು ಕೇಳಿ ಅರ್ಜಿಯನ್ನು ಹಾಗೆಯೇ ಹಿಂದಕ್ಕೆ ತಳ್ಳಿದರು. ಇಷ್ಟು ವಯಸ್ಸಾದವರನ್ನು ಚಾವಣಿ ಕೆಲಸಕ್ಕೆ ವಿಮೆ ಮಾಡುವುದಿಲ್ಲ. ಇನ್ನೊಂದು ಕಂಪನಿಯವರೂ ಅದನ್ನೇ ಹೇಳಿದರು. ವಿಮೆಯಿಲ್ಲದೆ ಲೈಸೆನ್ಸಿಲ್ಲ.

ಅವಳು ಲೈಸೆನ್ಸ್ ಕಚೇರಿಗೆ ಹೋದಳು. ಅಧಿಕಾರಿ ಎದ್ದು ನಿಂತು ಕುರ್ಚಿ ಕೊಟ್ಟ. ಅಲ್ಲಿ ಅವಳನ್ನು ಅರಿಯದವರಿರಲಿಲ್ಲ. ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಹೇಳಿದ: "ಅಮ್ಮಾ, ನಿಮ್ಮ ಭಾವನವರು ಎಂಥೋರು ಅಂತ ನನಗೂ ಗೊತ್ತು, ನಮ್ಮ ಮಾವನ ಮನೆ ಚಾವಣಿ ಅವರೇ ಮಾಡಿದ್ದು. ಆದ್ರೆ ಇವತ್ತು ಇವರಿಗೆ ಬಿಟ್ರೆ ನಾಳೆ ಬೆಣ್ಣೆಯಂಥೋನಿಗೂ ಬಿಡ್ಬೇಕಾಗುತ್ತೆ. ಆ ದಿನ ಸಭೇಲಿ ನೀವೇ ಹೇಳಿದ್ರಲ್ಲ." ಅವಳು ಕುರ್ಚಿಯಿಂದ ಎದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು, ಬರೆಯ ಕಬ್ಬಿಣ ಕಾಯಿಸಿಕೊಟ್ಟವಳು ತಾನೇ ಎಂದುಕೊಳ್ಳುತ್ತ ಮೆಟ್ಟಿಲಿಳಿದಳು.

ಇತ್ತ ಬೆಣ್ಣೆಯೂ ಸುಮ್ಮನೆ ಕೂತವನಲ್ಲ. ನೀವು ಚಾಪೆಯ ಕೆಳಗೆ ತೂರಿದರೆ ಅವನು ರಂಗೋಲಿಯ ಕೆಳಗೆ ತೂರುವವನು. ಹಳೆಯ ಕಂಪನಿ ಮುಚ್ಚಿ, ಹೆಂಡತಿಯ ತಮ್ಮನ ಹೆಸರಿನಲ್ಲಿ ಲೈಸೆನ್ಸ್ ಮಾಡಿಸಿ, ಮುಖ್ಯರಸ್ತೆಯಲ್ಲಿ ಹೊಸ ಫಲಕ ತೂಗುಹಾಕಿದ. ಒಂದು ದಿನ ಬಸ್ಸಿನ ಕಿಟಕಿಯಿಂದ ಅವಳಿಗೆ ಆ ಫಲಕದ ಕೆಳಗೆ ನಿಂತು ಗಿರಾಕಿಯ ಜೊತೆ ನಗುತ್ತಿದ್ದ ಅವನ ಮುಖ ಕಂಡಿತು. ಅವತ್ತು ಮೊದಲ ಬಾರಿಗೆ ಅವಳು ಒಬ್ಬ ಪ್ರಯಾಣಿಕನಿಗೆ ತಪ್ಪು ಟಿಕೆಟ್ ಕೊಟ್ಟಳು.

ಭಾವ ಕೆಲಕಾಲ ಮನೆಯಲ್ಲೇ ಕೂತರು. ಬಾಗಿಲ ಕೀಲಿಗೆ ಎಣ್ಣೆ ಬಿಟ್ಟರು, ಮೊಂಡಾಗದ ಚಾಕುಗಳನ್ನೂ ಮಸೆದರು. ಊಟಕ್ಕೆ ಕೂತರೆ ತಟ್ಟೆ ನೋಡುತ್ತ ಕೂರುತ್ತಿದ್ದರು. ಆಮೇಲೆ ಒಂದು ದಿನದಿಂದ ನಸುಕಿನಲ್ಲೇ ಎದ್ದು, ಕೈಯಲ್ಲಿ ತರಕಾರಿ ಚೀಲ ಹಿಡಿದು, "ಸ್ವಲ್ಪ ಅಡ್ಡಾಡಿ ಬರ್ತೀನಿ" ಎಂದು ಹೊರಡತೊಡಗಿದರು. ಚೀಲದೊಳಗೆ ಕರಣಿ, ಸುತ್ತಿಗೆ ತಾಗುವ ಸದ್ದು ಅವಳಿಗೆ ಕೇಳಿಸುತ್ತಿತ್ತು. ಬೀದಿಗೆಲ್ಲ ಬಾಯಿ ಮಾಡುವವಳು ಆ ಒಂದು ವಿಷಯಕ್ಕೆ ಬಾಯಿಗೆ ಬೀಗ ಹಾಕಿಕೊಂಡಳು. ವಾಪಸು ಬರುವಾಗ ಭಾವನ ಮುಖದಲ್ಲಿ ಕಳೆ ಇರುತ್ತಿತ್ತು, ಎರಡು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದರು. ಅದನ್ನು ಕಂಡು ಏನೆಂದು ಕೇಳುವುದು?

ಕೆರೆಯ ಆಚೆಯ ಓಣಿಯಲ್ಲಿ ಬುಟ್ಟಿ ಹೆಣೆಯುವ ಒಬ್ಬ ಮುದುಕಿ ಇದ್ದಳು. ಲೈಸೆನ್ಸ್ ಇರುವವರು ಅವಳ ಸಣ್ಣ ರಿಪೇರಿಗೆ ಬರಲು ಒಪ್ಪಿರಲಿಲ್ಲ. ಅವರಿಗೆ ಹಗ್ಗ, ಪಟ್ಟಿ, ಆಳು ಎಲ್ಲ ಹೊರಡಿಸಿಕೊಂಡು ಬಂದರೆ ಅಸಲೂ ಗಿಟ್ಟುತ್ತಿರಲಿಲ್ಲ. ಭಾವ ಅವಳ ಚಾವಣಿ ಹತ್ತಿದ್ದರು. ಮಂಜು ಬಿದ್ದ ಬೆಳಗು, ಹೆಂಚು ಒದ್ದೆ. ಓಣಿಯ ಜನ ಎದ್ದು ಹೊರಬರುವ ಮೊದಲು ಇಳಿದುಬಿಡಬೇಕೆಂಬ ಅವಸರ. ಆ ಬೆಕ್ಕಿನ ಕಾಲು ಅಲ್ಲಿ ಜಾರಿತು.

ಸೊಂಟ ಮುರಿದಿತ್ತು. ಮತ್ತೆ ಅದೇ ಆಸ್ಪತ್ರೆ. "ಹಗ್ಗ ಕಟ್ಕೊಂಡಿದ್ರೆ ಇವರಿಗೆ ಏನೂ ಆಗ್ತಿರ್ಲಿಲ್ಲ" ಎಂದು ವೈದ್ಯೆ ಹೇಳಿದಳು. ಭಾವ ಕಣ್ಣು ಮುಚ್ಚಿಕೊಂಡೇ, "ಹಗ್ಗ ಕಟ್ಟಿದ್ರೆ ದೂರದಿಂದ್ಲೇ ಕಾಣುತ್ತಲ್ಲಮ್ಮ, ಯಾರೋ ಕೆಲಸ ಮಾಡ್ತಿದಾರೆ ಅಂತ" ಎಂದರು.

ಮುದುಕಿಗೆ ದಂಡದ ನೋಟಿಸ್ ಬಂತು. ಕಂಡಕ್ಟರಮ್ಮ ಅವಳನ್ನು ಕರೆದುಕೊಂಡು ಹೋಗಿ, ತನ್ನ ಹೆಸರಿನ ಕಾನೂನಿನ ವಿರುದ್ಧ ತಾನೇ ಸಾಕ್ಷಿ ಹೇಳಿ, ದಂಡವನ್ನು ರದ್ದು ಮಾಡಿಸಿಕೊಂಡು ಬಂದಳು. ಮುದುಕಿ ದಾರಿಯುದ್ದಕ್ಕೂ, "ಆ ಯಪ್ಪ ನನ್ನ ಹತ್ರ ಏನೂ ಇಸ್ಕೊಳ್ಳಲ್ಲ ಅಂದಿದ್ರು ಕಣವ್ವ, ಬುಟ್ಟಿ ಒಂದು ಕೊಡು ಸಾಕು ಅಂದಿದ್ರು" ಎಂದು ಬಡಬಡಿಸುತ್ತಲೇ ಇದ್ದಳು.

ಭಾವ ಮನೆಗೆ ಬಂದರು, ಆದರೆ ಎದ್ದು ನಡೆಯುವಂತಾಗಲಿಲ್ಲ. ನಡುಮನೆಯ ಮಂಚವೇ ಅವರ ಲೋಕವಾಯಿತು. ಅವಳು ರಜೆ ಹಾಕಿ, ಪಾಳಿ ಬದಲಾಯಿಸಿಕೊಂಡು ಅವರನ್ನು ನೋಡಿಕೊಂಡಳು. ತಮ್ಮನ ಹೆಂಡತಿಯ ಕೈಯಲ್ಲಿ ಮೈ ಒರೆಸಿಕೊಳ್ಳುವಾಗ ಅವರು ಗೋಡೆಯ ಕಡೆ ಮುಖ ಮಾಡುತ್ತಿದ್ದರು. ಅವಳು ಆ ಹೊತ್ತಿಗೆಂದೇ ಬಸ್ಸಿನ ತಮಾಷೆಗಳನ್ನು ಕೂಡಿಟ್ಟುಕೊಂಡು ಬರುತ್ತಿದ್ದಳು.

ಒಂದು ಸಂಜೆ ಪಕ್ಕದ ಮನೆಯ ನರ್ಸ್ ಬಂದಳು. ಮುಖವೆಲ್ಲ ನಗು. "ಅಕ್ಕಾ, ನಿಮ್ಮ ಕಾಲಿಗೆ ಬೀಳ್ಬೇಕು" ಎಂದಳು. ಅವಳ ಮನೆಯ ಚಾವಣಿ ಮಾಡಿದವನು ಹೆಂಚಿನ ಕೆಳಗಿನ ಕೊಳೆತ ಪಕಾಸಿಗಳನ್ನು ಹಾಗೆಯೇ ಬಿಟ್ಟು ಮುಚ್ಚಲು ಹೊರಟಿದ್ದನಂತೆ. ಮುಚ್ಚುವ ಮೊದಲಿನ ಫೋಟೋ ಕೇಳಿದ್ದಾಳೆ, ಅವನು ತಡವರಿಸಿದ್ದಾನೆ, ಇವಳು ಕಚೇರಿಗೆ ಹೋಗಿದ್ದಾಳೆ. ಎಲ್ಲ ಬಿಚ್ಚಿಸಿ, ಹೊಸ ಮರ ಹಾಕಿಸಿ, ಅವನ ಖರ್ಚಿನಲ್ಲೇ ಮತ್ತೆ ಮಾಡಿಸಿದ್ದರು. "ಆ ಕೋಣೇಲಿ ನನ್ನ ಇಬ್ರು ಮಕ್ಕಳು ಮಲಗ್ತಾವೆ ಅಕ್ಕಾ. ನೀವು ಆ ಕಾನೂನು ತರದೇ ಇದ್ದಿದ್ರೆ..." ಎಂದವಳು ಅವಳ ಕೈ ಹಿಡಿದುಕೊಂಡಳು.

ಕಂಡಕ್ಟರಮ್ಮ ಆ ಕೈಯನ್ನು ನೋಡುತ್ತ ನಿಂತಳು. "ಒಳ್ಳೇದಾಯ್ತು ಬಿಡು" ಎಂದಳು. ಅವಳ ದನಿ ಎಷ್ಟು ಸಣ್ಣದಾಗಿತ್ತೆಂದರೆ ನರ್ಸಿಗೂ ಸರಿಯಾಗಿ ಕೇಳಿಸಲಿಲ್ಲ. ಮಂಚದ ಮೇಲೆ ಭಾವ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ನರ್ಸ್ ಹೋದ ಮೇಲೆ ಅವಳು ಭಾವನ ತಲೆದಿಂಬು ಸರಿಮಾಡಲು ಬಗ್ಗಿದಳು. ತಲೆಯೆತ್ತದೆ ಹೇಳಿದಳು: "ಭಾವ, ನಿಮ್ಮನ್ನ ನಾನೇ ಕೆಡವಿದೆ."

ಭಾವ ಕತ್ತು ಹೊರಳಿಸಿ ಕೇಳಿದರು: "ಈ ಕಾನೂನು ಆವಾಗ್ಲೇ ಇದ್ದಿದ್ರೆ ನನ್ನ ತಮ್ಮ ಬದುಕಿರ್ತಿದ್ನಾ, ಇಲ್ವಾ?"

"ಇರ್ತಿದ್ರು."

"ಮತ್ತೆ?"

"ನೀವು?"

ಭಾವ ಅವಳ ತಲೆಯ ಮೇಲೆ ಇಡಲು ಕೈ ಎತ್ತಿದರು, ಅದು ಅಲ್ಲಿಯವರೆಗೆ ಎಟುಕದೆ ಅವಳ ಮೊಣಕೈಯ ಮೇಲೆ ಬಿತ್ತು. ಅಲ್ಲಿಯೇ ಬಿಟ್ಟರು.

ಆ ಚಳಿಗಾಲ ದಾಟುವ ಮೊದಲೇ ಭಾವ ಹೋದರು. ಎದೆಯಲ್ಲಿ ಕಫ ಕಟ್ಟಿತು, ಮಲಗಿದಲ್ಲೇ ಇರುವವರಿಗೆ ಹಾಗಾಗುತ್ತದಂತೆ. ಅವರು ಚಾವಣಿ ಮಾಡಿಕೊಟ್ಟ ಮನೆಗಳವರು ಬಂದಿದ್ದರು. ಬೀದಿ ಹಿಡಿಸಲಾರದಷ್ಟು ಜನ. ಎಲ್ಲರ ಮನೆಯೂ ಸೋರದೆ ನಿಂತಿತ್ತು.

ಕಂಡಕ್ಟರಮ್ಮ ಈಗ ನಿವೃತ್ತಳು. ಸೋಮವಾರ ಬಂದರೆ ಲೈಸೆನ್ಸ್ ಕಚೇರಿಗೆ ಹೋಗುತ್ತಾಳೆ. ಅಂದು ಸಭೆಯಲ್ಲಿ ಕೈಮುಗಿದು ನಿಂತಿದ್ದ ಆ ಬಡಕಲು ಮನುಷ್ಯನನ್ನು ಹುಡುಕಿಸಿ ಜೊತೆಗೆ ಕರೆದುಕೊಂಡಿದ್ದಾಳೆ. ಸಣ್ಣ ರಿಪೇರಿಗೆ ಬೇರೆ ಲೈಸೆನ್ಸ್ ಇರಲಿ, ವಯಸ್ಸಾದವರ ವಿಮೆಯನ್ನು ಸರ್ಕಾರವೇ ಮಾಡಿಸಲಿ, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ದಂಧೆ ನಡೆಸಿದರೆ ಇಬ್ಬರನ್ನೂ ಹಿಡಿಯಲಿ ಎಂದು ಅವಳ ಬೇಡಿಕೆ. ಕಾನೂನನ್ನೇ ತೆಗೆದುಹಾಕಿ ಎಂದು ಮಾತ್ರ ಅವಳು ಯಾರಿಗೂ ಹೇಳಿಲ್ಲ. ಹಾಗೆ ಕೇಳಿಕೊಂಡು ಮನೆಗೆ ಬಂದ ಕಾಂಟ್ರಾಕ್ಟರುಗಳನ್ನು ಬಾಗಿಲಿನಿಂದಲೇ ಕಳಿಸಿದ್ದಾಳೆ. ಅವಳಿಗೆ ಕುರ್ಚಿ ಕೊಡುತ್ತಿದ್ದ ಅಧಿಕಾರಿ ವರ್ಗವಾಗಿ ಹೋದ, ಅವನ ನಂತರ ಬಂದವನೂ ಹೋದ. ಈಗಿನವನು ಹೊಸಬ. "ಫೈಲ್ ಮೇಲೆ ಹೋಗಿದೆಯಮ್ಮ, ಕಾಯ್ಬೇಕು" ಎನ್ನುತ್ತಾನೆ.

"ಕಾಯ್ತೀನಿ ಬಿಡಪ್ಪ" ಎಂದು ಅವಳು ಹೊರಗಿನ ಬೆಂಚಿನಲ್ಲಿ ಬಡಕಲು ಮನುಷ್ಯನಿಗೂ ಜಾಗ ಬಿಟ್ಟು ಕೂರುತ್ತಾಳೆ.